ಎಲೆ ಬಿಡಿ, ಆರ್ಕಿಡ್‌ನ ಬೇರು ನೋಡಿ

ಆರ್ಕಿಡ್ ಎಲೆ ಸುಕ್ಕಾದ ಕೂಡಲೇ ಎಲ್ಲರೂ ನೀರಿನ ಚೊಂಬು ಹಿಡಿದು ಬರುತ್ತಾರೆ. ನಮ್ಮ ಉಡುಪಿಯ ಮಳೆಗಾಲದಲ್ಲಂತೂ ಆ ಚೊಂಬು ಕೆಳಗಿಡಿ. ನೀರು ಸಾಲದಿದ್ದರೂ ಎಲೆ ಸುಕ್ಕಾಗುತ್ತದೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಹಾಗೇ ಸುಕ್ಕಾಗುತ್ತದೆ, ಕೊಳೆತ ಬೇರು ನೀರು ಹೀರುವುದಿಲ್ಲ ಅಲ್ವಾ.

ಅದಕ್ಕೇ ನಾನು ಗಿಡವನ್ನು ಕುಂಡದಿಂದ ಹೊರಗೆ ತೆಗೆದು ಬೇರನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ. ಗಟ್ಟಿಯಾಗಿದ್ದು, ಒಣಗಿದಾಗ ಬೆಳ್ಳಗೆ, ನೀರು ತಾಗಿದ ಮೇಲೆ ಹಸಿರಾದರೆ ಬೇರು ಚೆನ್ನಾಗಿದೆ, ಗಿಡಕ್ಕೆ ಬೇಕಾದದ್ದು ನೀರೇ. ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಸತ್ತಿದೆ. ಸತ್ತದ್ದನ್ನೆಲ್ಲ ಬೆಂಕಿಗೆ ಹಿಡಿದ ಕತ್ತರಿಯಲ್ಲಿ ತೆಗೆದು, ಗಿಡವನ್ನು ಒಂದು ದಿನ ನೆರಳಲ್ಲಿ ಹಾಗೇ ಬಿಟ್ಟು, ಮತ್ತೆ ನೆಡುತ್ತೇನೆ. ದಾಲ್ಚಿನ್ನಿ ಪುಡಿ ಹಚ್ಚಿ ಎನ್ನುವವರಿದ್ದಾರೆ. ಎಲೆಯ ಗಾಯಕ್ಕೆ ಸರಿ, ಬೇರಿಗೆ ಬೇಡ, ಒಣಗಿಸಿಬಿಡುತ್ತದೆ.

ಮಣ್ಣಂತೂ ಬೇಡವೇ ಬೇಡ. ನಾವು ಮನೆಯಲ್ಲಿಡುವ ಫೆಲನಾಪ್ಸಿಸ್, ಡೆಂಡ್ರೋಬಿಯಂ ಎಲ್ಲ ನಮ್ಮ ಕಾಡಿನ ಸೀತಾಳೆ ದಂಡೆಯ ಹಾಗೆ ಮರದ ಮೇಲೆ ಬೆಳೆಯುವಂಥವು, ಬೇರಿಗೆ ಗಾಳಿಯಾಡಬೇಕು. ನಾನು ಹಾಕುವುದು ಒಡೆದ ಮಂಗಳೂರು ಹೆಂಚಿನ ಚೂರು, ಕಟ್ಟಿಗೆಯ ಇದ್ದಿಲು. ತೆಂಗಿನ ಸಿಪ್ಪೆ ಇಲ್ಲಿ ಸುಮ್ನೆ ಸಿಗುತ್ತದೆ ನಿಜ, ಬೇಸಿಗೆಗೆ ಒಳ್ಳೆಯದೂ ಹೌದು, ಆದರೆ ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಗೆ ಅದು ಒಣಗುವುದೇ ಇಲ್ಲ. ಇನ್ನೊಂದು, ನರ್ಸರಿಯಿಂದ ಬಂದ ಗಿಡದ ಬುಡದಲ್ಲಿ ಎಷ್ಟೋ ಸಲ ಪಾಚಿಯದ್ದೋ ಕೋಕೋಪೀಟ್‌ನದ್ದೋ (ತೆಂಗಿನ ನಾರಿನ ಪುಡಿ) ಒಂದು ಗಟ್ಟಿ ಉಂಡೆ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಚಂಡಿ, ಅಂದರೆ ಒದ್ದೆಯೇ. ಹೂ ಮುಗಿದ ಮೇಲೆ ಅದನ್ನು ಬಿಡಿಸಿ ತೆಗೆಯಿರಿ.

ಸುಳಿ ಕೊಳೆಯುವುದು ಬೇರು ಕೊಳೆಯುವುದಕ್ಕಿಂತ ಬೇಗ ಗಿಡ ಕೊಲ್ಲುತ್ತದೆ. ತೆಂಗಿಗೆ ಸುಳಿ ಕೊಳೆ ತರುವ ಫೈಟಾಫ್ಥೊರಾ ಎಂಬ ರೋಗಾಣು ಆರ್ಕಿಡ್‌ಗೂ ಬರುತ್ತದೆ, ಎಲೆ ಬುಡದಿಂದ ಕಪ್ಪಾಗಿ ಉದುರುತ್ತದೆ. ಫೆಲನಾಪ್ಸಿಸ್‌ನ ಸುಳಿಯಲ್ಲಿ ನೀರು ನಿಲ್ಲಬಾರದು. ಅದಕ್ಕೆ ಕುಂಡವನ್ನು ಸ್ವಲ್ಪ ಓರೆಯಾಗಿ ತೂಗುಹಾಕಿ, ಮಳೆ ತಾಗದ ಕಡೆ ಇಡಿ. ನೀರು ನಿಂತಿದ್ದರೆ ಹತ್ತಿಯಿಂದ ಒತ್ತಿ ತೆಗೆಯಿರಿ. ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ ಉಳಿದಿದೆ ಅಂತ ಡೆಂಡ್ರೋಬಿಯಂಗೆ ಹೊಡೆಯಲು ಮಾತ್ರ ಹೋಗಬೇಡಿ, ಆ ದ್ರಾವಣದಲ್ಲಿರುವ ತಾಮ್ರ ಗಿಡಕ್ಕೆ ಆಗಿಬರುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಬಸವನಹುಳ ಹುಡುಕಿ, ಎಳೆ ಬೇರಿನ ತುದಿ ಅವಕ್ಕೆ ಬಹಳ ಇಷ್ಟ.

ಹೂವೇ ಬರುವುದಿಲ್ಲ, ಎಲೆ ಮಾತ್ರ ಕಡುಹಸಿರು ಎಂದರೆ ಬೆಳಕು ಸಾಲದು. ಡೆಂಡ್ರೋಬಿಯಂಗೆ ಬೆಳಗಿನ ಬಿಸಿಲು ಕೊಡಿ. ಫೆಲನಾಪ್ಸಿಸ್ ಹೂಗೊಂಚಲು ಬಿಡಲು ಕೆಲವು ವಾರ ರಾತ್ರಿ ತಂಪಿರಬೇಕು, ನಮ್ಮಲ್ಲಿ ಅದು ಸಿಗುವುದು ಡಿಸೆಂಬರ್, ಜನವರಿಯಲ್ಲಿ, ಅದೂ ಸ್ವಲ್ಪವೇ. ಹೊಸದಾಗಿ ಶುರು ಮಾಡುವವರಿಗೆ ನಾನು ಡೆಂಡ್ರೋಬಿಯಂ ಅನ್ನೇ ಹೇಳುವುದು, ನಮ್ಮ ಸೆಖೆ ಅದಕ್ಕೆ ಹಿಡಿಸುತ್ತದೆ. ಎಲೆ ಉದುರಿದ ಹಳೆ ಕಾಂಡ ಸತ್ತಿತು ಅಂತ ಕತ್ತರಿಸಬೇಡಿ, ಕೆಲವು ಸಲ ಹೂ ಬರುವುದು ಅದರಲ್ಲೇ.