ಅವೆನ್ಯೂ ರಸ್ತೆಯಲ್ಲಿ ಉಪಗ್ರಹ ಎಣಿಸಿದ ಬಗೆ

ಫೋನಿನಲ್ಲಿ ಇಪ್ಪತ್ತು ಉಪಗ್ರಹ ಸಿಕ್ಕರೆ ಸ್ಥಾನವೂ ಸರಿಯಾಗಿಯೇ ಸಿಗುತ್ತದೆ ಎಂದು ನಂಬಿದವರು ಬಹಳ. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಸಂಕೇತಗಳ ಲಭ್ಯತೆ ಅಳೆಯಲು ಹೊರಟಾಗ ನಾನು ಮೊದಲು ಬದಿಗಿಟ್ಟದ್ದು ಆ ಸಂಖ್ಯೆಯನ್ನೇ.

ಸ್ಥಾನದ ಲೆಕ್ಕಕ್ಕೆ ನಾಲ್ಕು ಉಪಗ್ರಹ ಸಾಕು, ನೇರವಾಗಿ ಕಾಣುವಂತಿದ್ದರೆ. ಆಂಡ್ರಾಯ್ಡ್ 7ರ ಕಾಲದಿಂದ ಫೋನುಗಳು ಒಂದೊಂದು ಉಪಗ್ರಹದ ಕಚ್ಚಾ ಅಳತೆಯನ್ನೂ ಕೊಡುತ್ತಿವೆ. ಅದನ್ನು ದಾಖಲಿಸುತ್ತ, ನಿಂತಲ್ಲೇ ಮೀನುಗಣ್ಣಿನ ಮಸೂರದಿಂದ ನೆತ್ತಿಯ ಮೇಲಿನ ಆಕಾಶದ ಚಿತ್ರ ತೆಗೆದೆ. ಚಿತ್ರದ ಮೇಲೆ ಉಪಗ್ರಹಗಳ ದಿಕ್ಕು, ಕೋನ ಗುರುತಿಸಿದಾಗ ಬಣ್ಣ ಬಯಲಾಯಿತು. ಪೂರ್ವದ ಒಂದು ಉಪಗ್ರಹ ನಾಲ್ಕು ಮಹಡಿಯ ಗೋಡೆಯ ಹಿಂದಿದೆ; ಆದರೂ 25 ಡಿಬಿ-ಹರ್ಟ್ಸ್ ಬಲದಲ್ಲಿ ಕೇಳಿಸುತ್ತಿದೆ. ಬಯಲಿನಲ್ಲಿ ಇದು 40 ದಾಟುತ್ತದೆ. ಎದುರುಸಾಲಿನ ಗೋಡೆಗೆ ಬಡಿದು, ಸುತ್ತುಹಾದಿಯಲ್ಲಿ ಬಂದ ಸಂಕೇತವದು. ಹೀಗಾಗಿ ‘ಕೇಳಿಸಿದವು’, ‘ಕಂಡವು’ ಎಂದು ಎರಡು ಕಾಲಂ ಮಾಡಿಕೊಂಡೆ. ಮೊದಲನೆಯದು ಸದಾ ಹಿಗ್ಗುತ್ತದೆ. ನನಗೆ ಬೇಕಾದದ್ದು ಎರಡನೆಯದು.

ಅವೆನ್ಯೂ ರಸ್ತೆ ಉತ್ತರ–ದಕ್ಷಿಣವಾಗಿ ಚಾಚಿದೆ. ಕಾಣುವ ಆಕಾಶವೂ ಅಷ್ಟೇ ಅಗಲದ ಪಟ್ಟಿ. ರಸ್ತೆಯುದ್ದಕ್ಕೆ ಸ್ಥಾನ ಚೆನ್ನಾಗಿಯೇ ಕೂರುತ್ತದೆ, ಅಡ್ಡಕ್ಕೆ ಜಾರುತ್ತದೆ: ಪುಸ್ತಕದಂಗಡಿಯ ಮುಂದೆ ನಿಂತವನನ್ನು ನಕಾಶೆ ಹಿಂದಿನ ಗಲ್ಲಿಗೆ ಕಳುಹಿಸುತ್ತದೆ. ನಮ್ಮ ಅದೃಷ್ಟಕ್ಕೆ, 13 ಡಿಗ್ರಿ ಅಕ್ಷಾಂಶದಲ್ಲಿ ಜಿಪಿಎಸ್ ಉಪಗ್ರಹಗಳು ನೆತ್ತಿಯ ಹತ್ತಿರವೂ ಹಾದುಹೋಗುತ್ತವೆ. ಎಲ್5 ಎಂಬ ಹೊಸ ತರಂಗಾಂತರವನ್ನೂ ಹಿಡಿಯುವ ಫೋನನ್ನೇ ಬಳಸಿದೆ. ಅದರ ಸಂಕೇತದಲ್ಲಿನ ಕೋಡ್‌ನ ಒಂದು ತುಣುಕಿನ (ಚಿಪ್) ಉದ್ದ ಸುಮಾರು 30 ಮೀಟರ್, ಹಳೆಯ ಎಲ್1ನದು 300. ಪ್ರತಿಫಲನವನ್ನು ಬೇರ್ಪಡಿಸುವುದು ಅಷ್ಟರಮಟ್ಟಿಗೆ ಸಲೀಸು. ನಮ್ಮ ದೇಶದ್ದೇ ಸ್ಥಾನಸೂಚಕ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಕೂಡ ಎಲ್5ನಲ್ಲಿದೆ. 2023ರ ಎನ್‌ವಿಎಸ್-01 ಉಪಗ್ರಹದಿಂದ ಎಲ್1ಗೂ ಬಂದಿದೆ.

ಆಕಾಶ ಕೈಕೊಟ್ಟಲ್ಲಿ ಮೊಬೈಲ್ ಗೋಪುರ ಇದೆಯಲ್ಲ ಎನ್ನುತ್ತಾರೆ. ಇದೆ, ಚಿಕ್ಕಪೇಟೆಯಲ್ಲಿ ಧಾರಾಳವಾಗಿ. ಆದರೆ ಫೋನು ತಾನು ಸೇರಿದ ಸೆಲ್‌ನ (ಗೋಪುರದ ಒಂದು ಆಂಟೆನಾ ತಲುಪುವ ಪ್ರದೇಶ) ಪೂರ್ತಿ ಗುರುತು ಹೇಳಿ, ನೆರೆಯ 4ಜಿ ಸೆಲ್‌ಗಳಿಗೆ ಸಾಮಾನ್ಯವಾಗಿ ಯಾವ ಗೋಪುರದ್ದೆಂದು ಅದೊಂದರಿಂದಲೇ ತಿಳಿಯದ, 0ರಿಂದ 503ರೊಳಗಿನ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ದೂರದ ಅಂದಾಜೂ ಸೇರಿದ ಸೆಲ್‌ಗೆ ಮಾತ್ರ, ಅದೂ 78 ಮೀಟರ್‌ಗಳ ಮೆಟ್ಟಿಲಿನಲ್ಲಿ. ಅನೇಕ ಫೋನುಗಳು ಅದನ್ನೂ ಕೊಡುವುದಿಲ್ಲ.

ಇನ್ನೊಂದು ತೊಡಕು: ಒಂದೇ ತಾರಸಿಯ ಕಂಬದಲ್ಲಿ ಮೂರು ದಿಕ್ಕಿಗೆ ಮೂರು ಆಂಟೆನಾ ಇದ್ದರೆ ಪಟ್ಟಿಯಲ್ಲಿ ಮೂರು ಸೆಲ್. ದೂರದ ಲೆಕ್ಕಕ್ಕೆ ಅದು ಒಂದೇ ಬಿಂದು. ಹಾಗಾಗಿ ತಲೆಯೆತ್ತಿ ತಾರಸಿಗಳನ್ನು ನೋಡುತ್ತ, ಸೆಲ್ ಬಿಟ್ಟು ಕಂಬ ಎಣಿಸಿದೆ. ಸ್ಥಾನದ ಲೆಕ್ಕಕ್ಕೆ ಬೇಕಾದ ಮೂರು ಬೇರೆ ಬೇರೆ ಕಂಬಗಳು ಸಿಗದ ಗಲ್ಲಿಯ ಮುಂದೆ ಸೊನ್ನೆಯನ್ನೇ ಬರೆದೆ, ಅಲ್ಲಿ ಫೋನ್ ಕರೆ ಎಷ್ಟೇ ಸ್ಪಷ್ಟವಾಗಿ ಕೇಳಿಸಿದರೂ.