ಸೆಟ್ ಸಾಲದಾದಾಗ ಕೊಳ್ಳುವ ಮೊದಲು: ಓಟಿ ಉಪಕರಣಗಳಿಗೆ ಲೀನ್ ವಿಧಾನ

"ಲ್ಯಾಪರಾಟಮಿ ಸೆಟ್ ಸಾಲುತ್ತಿಲ್ಲ, ಇನ್ನೆರಡು ಬೇಕು" ಎಂದು ಓಟಿಯಿಂದ (ಶಸ್ತ್ರಚಿಕಿತ್ಸಾ ಕೊಠಡಿಯಿಂದ) ಬೇಡಿಕೆ ಬಂದರೆ, ಖರೀದಿ ವಿಭಾಗಕ್ಕೆ ಪತ್ರ ಬರೆಯುವ ಮೊದಲು ಇರುವ ಟ್ರೇ ಬಿಚ್ಚಿ ನೋಡಿ. ಲ್ಯಾಪರಾಟಮಿ ಎಂದರೆ ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ; ಅದರ ಉಪಕರಣಗಳನ್ನು ಒಂದು ಟ್ರೇಯಲ್ಲಿ ಜೋಡಿಸಿಟ್ಟದ್ದೇ ಸೆಟ್. ಟ್ರೇ ಒಮ್ಮೆ ತೆರೆದರೆ ಮುಟ್ಟದ ಉಪಕರಣವೂ ಬಳಸಿದ್ದರ ಲೆಕ್ಕಕ್ಕೇ ಸೇರುತ್ತದೆ. ಅದನ್ನೂ ತೊಳೆದು, ಒಣಗಿಸಿ, ಪರೀಕ್ಷಿಸಿ, ಮತ್ತೆ ಆವಿಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್‌ಗೆ ಹಾಕಬೇಕು. ಸಿಎಸ್‌ಎಸ್‌ಡಿಯ (ಆಸ್ಪತ್ರೆಯ ಉಪಕರಣ ಶುದ್ಧೀಕರಣ ವಿಭಾಗದ) ಅರ್ಧ ದುಡಿಮೆ ಹೀಗೆ ಯಾರಿಗೂ ಬೇಡದ ಉಪಕರಣಕ್ಕೆ ಹೋಗುತ್ತಿರಬಹುದು. ಟೊಯೋಟಾ ಕಾರ್ಖಾನೆಗಳಲ್ಲಿ ಬೆಳೆದ, ವ್ಯರ್ಥ ಕೆಲಸವನ್ನು ಕಳೆಯುವ ಲೀನ್ ವಿಧಾನ ಮೊದಲು ಕೈಹಾಕುವುದು ಇಂಥ ಕೆಲಸಕ್ಕೇ.

ಎಲ್ಲ ಟ್ರೇಗಳನ್ನೂ ಒಟ್ಟಿಗೆ ಎತ್ತಿಕೊಳ್ಳಬೇಡಿ. ಅತಿ ಹೆಚ್ಚು ಓಡಾಡುವ ಒಂದನ್ನು ಆರಿಸಿ, ಅದನ್ನು ಬಳಸುವ ಪ್ರತಿ ಸರ್ಜನ್ನರ ಕೇಸೂ ಸೇರುವಂತೆ 20ರಿಂದ 30 ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಎಷ್ಟು ಬಳಕೆಯಾಯಿತೆಂದು ಗುರುತು ಹಾಕಿ. "ನಿಮಗೆ ಏನೇನು ಬೇಕು?" ಎಂದು ಸರ್ಜನ್ನರನ್ನು ಕೇಳಿದರೆ ಬರುವ ಉತ್ತರ ಒಂದೇ: ಎಲ್ಲವೂ. ಗುರುತು ಹಾಕುವ ಕೆಲಸ ಓಟಿಯಲ್ಲೇ ಆಗಬೇಕು, ಅದೂ ರೋಗಿಯೊಳಗೆ ಏನೂ ಉಳಿದಿಲ್ಲವೆಂದು ಖಚಿತಪಡಿಸುವ ಉಪಕರಣಗಳ ಕೊನೆಯ ಎಣಿಕೆ ಮುಗಿದ ಮೇಲೆ. ಎಣಿಕೆಯ ನಡುವೆ ಮಾಡಿದರೆ ಎಣಿಕೆ ತಪ್ಪುತ್ತದೆ. ಸಿಎಸ್‌ಎಸ್‌ಡಿಗೆ ಬಿಟ್ಟರೆ ಅಷ್ಟರಲ್ಲಿ ರಕ್ತ ಎಲ್ಲಕ್ಕೂ ಮೆತ್ತಿ ಯಾವುದು ಬಳಸಿದ್ದು ಎಂಬುದೇ ತಿಳಿಯುವುದಿಲ್ಲ.

ಲೆಕ್ಕ ಕೈಗೆ ಬಂದ ಮೇಲೆ ವಿಂಗಡಿಸಿ. ಟ್ರೇಯಲ್ಲಿ 12 ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಇಕ್ಕಳ) ಇದ್ದು, ಯಾವ ಕೇಸಿನಲ್ಲೂ 7ಕ್ಕಿಂತ ಹೆಚ್ಚು ಬಳಕೆಯಾಗದಿದ್ದರೆ 8 ಇಡಿ. ಅಪರೂಪಕ್ಕೆ ಬೇಕಾಗುವ ದೊಡ್ಡ ರಿಟ್ರಾಕ್ಟರ್ (ಗಾಯವನ್ನು ಅಗಲಿಸಿ ಹಿಡಿಯುವ ಉಪಕರಣ) ತನ್ನದೇ ಬಿಡಿ ಪೌಚಿನಲ್ಲಿ ಓಟಿ ಕಪಾಟಿಗೆ ಹೋಗಲಿ. ಆದರೆ ರಕ್ತನಾಳವನ್ನು ಬಿಗಿದು ರಕ್ತ ನಿಲ್ಲಿಸುವ ವಾಸ್ಕುಲರ್ ಕ್ಲಾಂಪಿನಂಥದ್ದನ್ನು ಸಂಖ್ಯೆ ನೋಡಿ ತೆಗೆಯಬಾರದು. ಮೂವತ್ತು ಕೇಸಿನಲ್ಲಿ ಒಮ್ಮೆಯೂ ಬೇಡವಾದದ್ದು ರಕ್ತ ಚಿಮ್ಮಿದಾಗ ಆ ಕ್ಷಣಕ್ಕೇ ಬೇಕು. ಹೊಸ ಪಟ್ಟಿಗೆ ಸರ್ಜನ್ನರ ಸಹಿ ಪಡೆದು, ಎಣಿಕೆ ಹಾಳೆಯನ್ನೂ ಪ್ಯಾಕಿಂಗ್ ಮೇಜಿನ ಫೋಟೋವನ್ನೂ ಅದೇ ದಿನ ಬದಲಿಸಿ. ಹಳೆಯ ಹಾಳೆ ಉಳಿದರೆ "ನಾಲ್ಕು ಕಡಿಮೆ ಇದೆ" ಎಂದು ಯಾರೋ ತುಂಬಿಸಿಬಿಡುತ್ತಾರೆ, ತಿಂಗಳೊಳಗೆ ಟ್ರೇ ಮೊದಲಿನಂತೆಯೇ ಆಗುತ್ತದೆ.

ಭಾರದ ಮೇಲೂ ಕಣ್ಣಿರಲಿ. ಕಂಟೇನರ್ ಸೇರಿ 11.3 ಕೆಜಿ ಎಂಬುದು ಅಮೆರಿಕದ ಮಾನದಂಡದ ಮಿತಿ. ಒತ್ತೊತ್ತಾಗಿ ತುಂಬಿದ ಭಾರದ ಟ್ರೇಯಲ್ಲಿ ಆವಿ ನೀರಾಗಿ ನಿಂತು ಪ್ಯಾಕ್ ಒದ್ದೆಯಾಗಿಯೇ ಹೊರಬರುತ್ತದೆ. ಒದ್ದೆ ಪ್ಯಾಕ್ ಎಂದರೆ ಮತ್ತೆ ಮೊದಲಿನಿಂದ.

ಮುಂದಿನದು ಹೊತ್ತಿನ ಲೆಕ್ಕ. ಟ್ರೇಗೊಂದು ಚೀಟಿ ಕಟ್ಟಿ ಓಟಿಯಿಂದ ಹೊರಟದ್ದು, ಸಿಎಸ್‌ಎಸ್‌ಡಿ ತಲುಪಿದ್ದು, ತೊಳೆದದ್ದು, ಪ್ಯಾಕ್ ಆದದ್ದು, ಆಟೋಕ್ಲೇವ್ ಹೊಕ್ಕದ್ದು, ಕಪಾಟಿಗೆ ಬಂದದ್ದು ಎಲ್ಲವನ್ನೂ ಬರೆಸಿ. ಮೊದಲೇ ಗಾಳಿ ಹೀರಿ ತೆಗೆಯುವ ಪ್ರೀ-ವ್ಯಾಕ್ಯೂಮ್ ಆಟೋಕ್ಲೇವ್ ಯಂತ್ರದಲ್ಲಿ 134 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡುವುದು 3–4 ನಿಮಿಷವಷ್ಟೇ. ವ್ಯಾಕ್ಯೂಮ್, ಒಣಗುವಿಕೆ, ತಣಿಯುವಿಕೆ ಸೇರಿದರೆ ಬಹಳ ಹೊತ್ತು ಹಿಡಿಯುತ್ತದೆ, ನಿಜ. ಅದಕ್ಕೆ ಕತ್ತರಿ ಹಾಕುವುದು ಲೀನ್ ಅಲ್ಲ, ಅಪಾಯ. ಉಳಿಸಬೇಕಾದದ್ದು ಕಾಯುವ ಹೊತ್ತನ್ನು. ಟ್ರಾಲಿ ತುಂಬಲಿ ಎಂದು ಕಾಯದೆ ಗಂಟೆಗೊಮ್ಮೆ ಹೊರಡಲಿ. ಅಲ್ಲಿಯವರೆಗೆ ಉಪಕರಣಗಳ ಮೇಲೆ ಎಂಜೈಮ್ ಸ್ಪ್ರೇ ಅಥವಾ ನೀರಲ್ಲಿ ನೆನೆಸಿದ ಬಟ್ಟೆ ಇರಲಿ. ಸಲೈನ್ ಬೇಡ, ಅದರ ಕ್ಲೋರೈಡ್ ಸ್ಟೀಲನ್ನು ಕೊರೆಯುತ್ತದೆ. ರಕ್ತ ಒಣಗಿದರೆ ಹಿಂಜಿನ ಸಂದಿ ಉಜ್ಜುವುದರಲ್ಲೇ ಉಳಿಸಿದ ಹೊತ್ತು ಕಳೆದುಹೋಗುತ್ತದೆ.

ಈಗ ಎಷ್ಟು ಸೆಟ್ ಬೇಕೆಂದು ಲೆಕ್ಕ ಹಾಕಬಹುದು. 10 ಗಂಟೆಯಲ್ಲಿ 6 ಕೇಸ್, ಸೆಟ್ ಮರಳಿ ಬರಲು 5 ಗಂಟೆ ಎಂದಾದರೆ 6 × 5 ÷ 10 = 3; ರ‍್ಯಾಪ್ (ಸೆಟ್ ಸುತ್ತಿದ ಹೊದಿಕೆ) ಹರಿದರೆ ಎಂದು ಒಂದು ಸೇರಿಸಿ 4. ಸರಾಸರಿಯನ್ನು ಇಷ್ಟಕ್ಕೇ ನಂಬಬೇಡಿ. ಮೂರು ಓಟಿಗಳಲ್ಲಿ ಬೆಳಿಗ್ಗೆ 8ಕ್ಕೆ ಒಟ್ಟಿಗೆ ಶುರುವಾಗಿ, ಹತ್ತೂವರೆಗೆ ಎರಡನೇ ಸರದಿ ಬಂದರೆ, ಮೊದಲ ಸೆಟ್‌ಗಳು ಮರಳುವ ಮುಂಚೆಯೇ ಆರು ಸೆಟ್ ಬೇಕಾಗುತ್ತವೆ. ಆಗ ಕೇಸ್ ಪಟ್ಟಿಯನ್ನು ಹಿಂದೆಮುಂದೆ ಮಾಡಿ. ಆಗದಿದ್ದರೆ ಮಾತ್ರ ಕೊಳ್ಳಿ.

ಬಿಡಿ ಪೌಚ್‌ಗಳಿಗೆ ಎರಡು ಡಬ್ಬಿಯ ಕಾನ್‌ಬಾನ್ (ಖಾಲಿಯಾದದ್ದನ್ನು ತುಂಬಿಸಲು ಕಾರ್ಡ್ ಅಥವಾ ಡಬ್ಬಿಯಿಂದ ಸೂಚಿಸುವ ಪದ್ಧತಿ) ಸಾಕು: ಮುಂದಿನ ಡಬ್ಬಿ ಖಾಲಿಯಾದೊಡನೆ ಆ ಡಬ್ಬಿಯೇ ಸಿಎಸ್‌ಎಸ್‌ಡಿಗೆ ಹೋಗಲಿ, ಹಿಂದಿನದು ಮುಂದೆ ಬರಲಿ. ಬೇರೆ ಕಾರ್ಡ್ ಮಾಡಿಸಿದರೆ ಯಾರದೋ ಏಪ್ರನ್ ಜೇಬಿನಲ್ಲಿ ಕಳೆದುಹೋಗುತ್ತದೆ.

ಪ್ಯಾಕಿಂಗ್ ಮೇಜಿನ ಪಕ್ಕ ನೀಡಲ್ ಹೋಲ್ಡರ್, ಕತ್ತರಿಗಳ ಸ್ಪೇರ್ ಇಡಿ. ಇಲ್ಲವಾದರೆ ಕಡಿಮೆಬಿದ್ದದ್ದನ್ನು ಪಕ್ಕದ ಟ್ರೇಯಿಂದ ಎತ್ತುವ ಚಾಳಿ ಶುರುವಾಗಿ, ಒಂದು ಟ್ರೇಯ ಕೊರತೆ ಐದಕ್ಕೆ ಹಬ್ಬುತ್ತದೆ. ಮೊಂಡಾದದ್ದಕ್ಕೆ ಕೆಂಪು ಚೀಟಿ ಕಟ್ಟಿ ಅಲ್ಲೇ ಬದಲಿಸಿ. ಟ್ರೇಯಿಂದ ತೆಗೆದ ಉಪಕರಣಗಳನ್ನು ಮಾರಬೇಡಿ. ಮೂರು ತಿಂಗಳು ಬೇರೆ ಕಪಾಟಿನಲ್ಲಿರಲಿ, ಯಾರೂ ಕೇಳದಿದ್ದರೆ ಅವೇ ಈ ಮೇಜಿನ ಸ್ಪೇರ್.