ಹೊಸ ಕಂಪ್ಯೂಟರ್ ಬಂತು ಅಂತ ಹಳೇದನ್ನ ಆಗಲೇ ಕೊಟ್ಟುಬಿಡಬೇಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿದರಲ್ಲ, ಆಗಿನಿಂದ ನಮ್ಮ ಬಂಧುಬಳಗದಲ್ಲಿ ಕಂಪ್ಯೂಟರ್ ಬದಲಾಯಿಸುವ ಭರಾಟೆ ಜೋರಾಗಿದೆ. ಹಳೆಯದರಲ್ಲಿ ವಿಂಡೋಸ್ 11 ಕೂರುವುದಿಲ್ಲ, ಅದಕ್ಕೆ ಬೇಕಾದ ಚಿಪ್ ಇದರಲ್ಲಿಲ್ಲ ಅಂತ ಅಂಗಡಿಯವನು ಹೇಳುತ್ತಾನೆ. ಸರಿ, ಹೊಸದು ಮನೆಗೆ ಬರುತ್ತದೆ. ಅವತ್ತು ಸಂಜೆಯೇ ನನಗೆ ಫೋನು: "ಅಕ್ಕಾ, ಫೈಲ್ ಎಲ್ಲಾ ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ಆಯ್ತಲ್ವಾ?"

ಆಗುವುದಿಲ್ಲ ಮಾರಾಯ್ರೇ. ಕಾಪಿ ಮಾಡುವುದನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ. ಎಲ್ಲೆಲ್ಲಿ ಏನೇನು ಇಟ್ಟಿದ್ದೇವೆ ಅಂತ ನೆನಪು ಮಾಡಿಕೊಂಡು ಹುಡುಕುವುದೇ ದೊಡ್ಡ ಕೆಲಸ. ಅದಕ್ಕೆ ಒಂದು ದಿನ ಸುಮ್ನೆ ಕೂತು ಒಂದು ಹಾಳೆ, ಪೆನ್ನು ಹಿಡಿದು ಪಟ್ಟಿ ಮಾಡಿ. ಮನೆಯವರನ್ನೆಲ್ಲ ಕೇಳಿ. ಮಾವನವರ ಪಿಂಚಣಿ ಕಾಗದದ ಸ್ಕ್ಯಾನ್, ಮಗಳ ಅಂಕಪಟ್ಟಿ, ಜಮೀನಿನ ಪಹಣಿ, ಮದುವೆ ಫೋಟೋ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ.

ಮೊದಲು ಡೆಸ್ಕ್‌ಟಾಪ್ ನೋಡಿ. ಅಲ್ಲಿ ಕಾಣುವ ಎಲ್ಲ ಚಿತ್ರವೂ ಫೈಲ್ ಅಲ್ಲ. ಚಿತ್ರದ ಎಡ ಮೂಲೆಯಲ್ಲಿ ಕೆಳಗೆ ಒಂದು ಪುಟ್ಟ ಬಾಣದ ಗುರುತು ಇದ್ದರೆ ಅದು ಬರೀ ಶಾರ್ಟ್‌ಕಟ್. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಹೊಸ ಕಂಪ್ಯೂಟರಿನಲ್ಲಿ ಏನೂ ತೆರೆಯುವುದಿಲ್ಲ. ನಿಜವಾದ ಫೋಲ್ಡರ್ ಡಿ ಡ್ರೈವಿನಲ್ಲೋ ಮತ್ತೆಲ್ಲೋ ಕೂತಿರುತ್ತದೆ. ಬಾಣದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಅದರ ವಿಳಾಸ ಸಿಗುತ್ತದೆ. ಹಾಗೆಯೇ ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲ್ ಒನ್‌ಡ್ರೈವಿನಲ್ಲಿದೆ, ಅಂದರೆ ಇಂಟರ್ನೆಟ್ಟಿನಲ್ಲಿ ಮೈಕ್ರೋಸಾಫ್ಟ್‌ನವರ ಜಾಗದಲ್ಲಿದೆ, ನಿಮ್ಮ ಡಿಸ್ಕಿನಲ್ಲಿಲ್ಲ. ಹೊಸದರಲ್ಲಿ ಅದೇ ಖಾತೆಯಿಂದ ಲಾಗಿನ್ ಆದರೆ ತಾನಾಗಿ ಬರುತ್ತದೆ. ಆದರೆ ಆ ಖಾತೆಯ ಪಾಸ್‌ವರ್ಡ್ ಯಾರಿಗೆ ಗೊತ್ತು ಅಂತ ಹಳೇ ಕಂಪ್ಯೂಟರ್ ಇನ್ನೂ ಆನ್ ಇರುವಾಗಲೇ ವಿಚಾರಿಸಿಕೊಳ್ಳಿ.

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತದೆ. ಡೌನ್‌ಲೋಡ್ಸ್ ಮರೆಯುತ್ತಾರೆ. ವಿಮೆ ರಸೀದಿ, ತೆರಿಗೆಯ ಕಾಗದ, ಆಧಾರ್ ಪ್ರತಿ, ರೈಲು ಟಿಕೆಟ್ ಎಲ್ಲ ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ಒಂದೇ ಕಂಪ್ಯೂಟರಿಗೆ ಇಬ್ಬರು ಮೂವರ ಹೆಸರಿನ ಲಾಗಿನ್ ಇದ್ದರೆ ಒಬ್ಬೊಬ್ಬರದ್ದೂ ಬೇರೆ ಬೇರೆ ಫೋಲ್ಡರ್, ಅದನ್ನೂ ನೋಡಬೇಕು. ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಔಟ್‌ಲುಕ್ಕಿನಲ್ಲಿ ಹಳೇ ಮೇಲ್ ಇಳಿಸಿಕೊಂಡಿದ್ದರೆ ಪಿಎಸ್‌ಟಿ ಅನ್ನುವ ಒಂದು ದೊಡ್ಡ ಫೈಲ್ ಇರುತ್ತದೆ, ಅದು ಬಂದರೆ ಮೇಲ್ ಎಲ್ಲಾ ಬಂದ ಹಾಗೆ. ಮನೆಯಲ್ಲಿ ಅಂಗಡಿ ವ್ಯಾಪಾರ ಇದ್ದು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇಟ್ಟಿದ್ದರೆ, ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆಯಿರಿ. ಲೈಸೆನ್ಸನ್ನು ಹಳೆಯದರಲ್ಲಿ ಸರೆಂಡರ್ ಮಾಡಿದ ಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಈ ಕೆಲಸ ಲೆಕ್ಕ ಬರೆಯುವವರ ಕೈಯಲ್ಲೇ ಮಾಡಿಸುವುದು ವಾಸಿ.

ಪ್ರೋಗ್ರಾಂಗಳನ್ನು ಮಾತ್ರ ಹೀಗೆ ಕಾಪಿ ಮಾಡಿ ತರಲು ಬರುವುದಿಲ್ಲ. ಪ್ರೋಗ್ರಾಂ ಫೈಲ್ಸ್ ಅನ್ನುವ ಫೋಲ್ಡರ್ ಇಡೀ ಎತ್ತಿಕೊಂಡು ಹೋದವರನ್ನು ನೋಡಿದ್ದೇನೆ, ಅದು ಬರೀ ಭಾರ. ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು, ಅಷ್ಟೇ.

ಇನ್ನು ಕನ್ನಡದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ನಮ್ಮ ಮನೆಗಳಲ್ಲಿ ಜಾಸ್ತಿ ಕಣ್ಣೀರು ಹಾಕಿಸುವುದೂ ಇದೇ. ಹತ್ತು ಹದಿನೈದು ವರ್ಷದ ಹಿಂದೆ 'ನುಡಿ', 'ಬರಹ' ಅನ್ನುವ ಕನ್ನಡ ಸಾಫ್ಟ್‌ವೇರುಗಳಲ್ಲಿ ಟೈಪ್ ಮಾಡಿದ ಫೈಲುಗಳು ಬಹಳ ಮನೆಗಳಲ್ಲಿವೆ. ಅಪ್ಪ ಬರೆದ ವಂಶಾವಳಿ, ಸಂಘದ ನಡಾವಳಿ, ಅತ್ತೆ ಬರೆಸಿದ ಹಾಡುಗಳು. ಅದನ್ನು ಹೊಸ ಕಂಪ್ಯೂಟರಿಗೆ ಹಾಕಿ ತೆರೆದರೆ ಕನ್ನಡವೇ ಇಲ್ಲ. 'ಕನ್ನಡ' ಅಂತ ಇದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಮೇಲೆ ಗೀಟು ಹೊತ್ತ ಎ, ನಡುವೆ ಬ್ರಿಟಿಷರ ಪೌಂಡ್ ಗುರುತು, ಹೀಗೆ ಏನೇನೋ ಕಾಣುತ್ತದೆ. ಫೈಲ್ ಕೆಟ್ಟುಹೋಯಿತು ಅಂತ ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಫೈಲ್ ಚೆನ್ನಾಗಿಯೇ ಇದೆ, ಫಾಂಟ್ ಇಲ್ಲ ಅಷ್ಟೇ.

ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ತೋರಿಸುತ್ತಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಹಾಗಾಗಿ ಹಳೇ ಕಂಪ್ಯೂಟರಿನಲ್ಲಿ ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಅನ್ನುವ ಫೋಲ್ಡರಿಗೆ ಹೋಗಿ. ನುಡಿ ಅಂತ ಶುರುವಾಗುವವು, ಬಿಆರ್‌ಎಚ್ ಅಂತ ಶುರುವಾಗುವವು (ಇವು ಬರಹದ ಫಾಂಟುಗಳು), ಎಲ್ಲವನ್ನೂ ಒಂದು ಫೋಲ್ಡರಿಗೆ ಕಾಪಿ ಮಾಡಿ ಜೊತೆಗೆ ತನ್ನಿ. ಹೊಸದರಲ್ಲಿ ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಅಕ್ಷರ ಮತ್ತೆ ಕಾಣುತ್ತದೆ.

ಆಮೇಲೆ ಬಿಡುವಾದಾಗ ಆ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಹಳೇ ಫಾಂಟ್ ಇಲ್ಲದಿದ್ದರೂ ಕನ್ನಡವಾಗಿಯೇ ಕಾಣುವ ರೀತಿಗೆ, ಬದಲಾಯಿಸಿ. ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಪರಿವರ್ತಕ ಇದೆ. ಒಂದು ಎಚ್ಚರ: ಕನ್ನಡದ ನಡುವೆ ಇಂಗ್ಲಿಷ್ ಪದ, ಊರಿನ ಪಿನ್ ಕೋಡ್, ಇಸವಿ ಇದ್ದರೆ ಪರಿವರ್ತಕಕ್ಕೆ ಗೊಂದಲವಾಗಬಹುದು. ಇಂಗ್ಲಿಷ್ ಅಕ್ಷರವನ್ನೂ ಕನ್ನಡದ ಚೂರು ಅಂತಲೇ ತಿಳಿದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆಯೂ ಒಮ್ಮೆ ಕಣ್ಣಾಡಿಸಿ. ಮೂಲ ಫೈಲನ್ನು ಹಾಗೇ ಇಟ್ಟು, ಬದಲಾಯಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮುಖ್ಯವಾದ ಒಂದೆರಡನ್ನು ಹಳೇ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಪಕ್ಕದಲ್ಲಿಟ್ಟು ತಾಳೆ ನೋಡಬಹುದು.

ಪಟ್ಟಿ ಆಯಿತು, ಈಗ ಸಾಗಿಸುವುದು. 16 ಜಿಬಿ ಪೆನ್‌ಡ್ರೈವಿನಲ್ಲಿ ಹತ್ತು ಸಲ ಓಡಾಡುವ ಬದಲು 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ. ಸಾಗಿಸಿದ ಮೇಲೂ ಅದು ಇನ್ನೊಂದು ಪ್ರತಿಯಾಗಿ ಬೀರುವಿನಲ್ಲಿರುತ್ತದೆ. ಹಳೇ ಕಂಪ್ಯೂಟರಿನಲ್ಲಿ ಒಳಗೆ ನೀಲಿ ಬಣ್ಣದ ಯುಎಸ್‌ಬಿ ಕಿಂಡಿ ಇದೆಯಾ ನೋಡಿ. ಸಾಮಾನ್ಯವಾಗಿ ನೀಲಿ ಅಂದರೆ ಯುಎಸ್‌ಬಿ 3, ಬೇಗ ಮುಗಿಯುತ್ತದೆ. ಕಪ್ಪು ಕಿಂಡಿ ಯುಎಸ್‌ಬಿ 2 ಆಗಿದ್ದರೆ 200 ಜಿಬಿ ಹೋಗಲು ಎರಡು ಗಂಟೆ ಹತ್ತಿರ ಹತ್ತಿರ ಬೇಕು. ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ದರೆ ಇನ್ನೂ ಜಾಸ್ತಿ.

ಕೆಲವೊಮ್ಮೆ ಡ್ರೈವ್ ಪೂರ್ತಿ ಖಾಲಿ ಇದ್ದರೂ ಮದುವೆ ವಿಡಿಯೋ ಹೋಗುವುದಿಲ್ಲ, ಫೈಲ್ ದೊಡ್ಡದಾಯಿತು ಅನ್ನುತ್ತದೆ. ಆ ಡ್ರೈವ್ ಫ್ಯಾಟ್ 32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದೆ ಅಂತ ಅರ್ಥ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ಆದರೆ ಫಾರ್ಮ್ಯಾಟ್ ಮಾಡಿದರೆ ಅದರೊಳಗೆ ಇದ್ದದ್ದೆಲ್ಲ ಹೋಗುತ್ತದೆ, ಹಾಗಾಗಿ ಮೊದಲೇ ಮಾಡಿಕೊಳ್ಳಿ.

ಯಾವ ಕಾರಣಕ್ಕೂ ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಕಟ್ ಮಾಡಿದ್ದು ಅರ್ಧ ಅಲ್ಲಿ, ಅರ್ಧ ಇಲ್ಲಿ. ಕಾಪಿ ಆದರೆ ಮೂಲ ಅಲ್ಲೇ ಇರುತ್ತದೆ, ಇನ್ನೊಮ್ಮೆ ಶುರು ಮಾಡಿದರಾಯಿತು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬೆಳಗಿನ ಹೊತ್ತು ಮಾಡಿ. ಅರ್ಧಕ್ಕೆ ಕಂಪ್ಯೂಟರ್ ನಿದ್ದೆ ಹೋಗದ ಹಾಗೆ ಸ್ಲೀಪ್ ಅನ್ನೂ ನಿಲ್ಲಿಸಿಡಿ.

ಮುಗಿದ ಮೇಲೆ ಎಣಿಸಿ ನೋಡಿ. ಹಳೇ ಫೋಲ್ಡರ್, ಹೊಸ ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆರೆದು ಫೈಲಿನ ಸಂಖ್ಯೆ, ಸೈಜ್ ಎರಡೂ ಒಂದೇ ಇದೆಯಾ ನೋಡಿ. ಅದರ ಕೆಳಗೆ ಸೈಜ್ ಆನ್ ಡಿಸ್ಕ್ ಅಂತ ಇನ್ನೊಂದು ಸಾಲಿರುತ್ತದೆ, ಅದು ಬೇರೆ ಬಂದರೆ ಹೆದರಬೇಡಿ, ಡಿಸ್ಕಿನಿಂದ ಡಿಸ್ಕಿಗೆ ಅದು ಬದಲಾಗುತ್ತದೆ. ಎಣಿಕೆ ಸರಿಯಿದ್ದರೂ ಅಲ್ಲೊಂದು ಇಲ್ಲೊಂದು ಫೈಲ್ ತೆರೆದೇ ನೋಡಿ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುವುದಿಲ್ವಾ, ಹಾಗೆ.

ಫೋಟೋಗಳಲ್ಲಿ ತಾರೀಖು ತಪ್ಪಾಯಿತು ಅಂತ ಕೆಲವರು ಗಾಬರಿಯಾಗುತ್ತಾರೆ. ಕಾಪಿ ಮಾಡಿದ ದಿನವೇ ಫೈಲ್ ಹುಟ್ಟಿದ ದಿನ ಅಂತ ವಿಂಡೋಸ್ ತೋರಿಸುತ್ತದೆ. ಕ್ಯಾಮೆರಾದಲ್ಲಿ ತೆಗೆದ ಫೋಟೋ ಆದರೆ ನಿಜವಾದ ತಾರೀಖು ಒಳಗೇ ಇರುತ್ತದೆ, ಡೇಟ್ ಟೇಕನ್ ಪ್ರಕಾರ ಜೋಡಿಸಿದರೆ ಸರಿಯಾಗುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಅದು ಸಾಮಾನ್ಯವಾಗಿ ಉಳಿದಿರುವುದಿಲ್ಲ, ಆದರೆ ಆಂಡ್ರಾಯ್ಡ್ ಫೋನಿನಿಂದ ಇಳಿಸಿಕೊಂಡಿದ್ದರೆ ಫೋಟೋ ಬಂದ ವರ್ಷ, ತಿಂಗಳು, ದಿನ ಸಾಮಾನ್ಯವಾಗಿ ಫೈಲಿನ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಹೆಸರು ಬದಲಾಯಿಸಲು ಹೋಗಬೇಡಿ.

ಹಳೆಯದು ಆನ್ ಆಗುವುದೇ ಇಲ್ಲ ಅಂದರೂ ಆಸೆ ಬಿಡಬೇಡಿ. ಬಹಳ ಸಲ ಹಾಳಾಗಿರುವುದು ಪವರ್ ಸಪ್ಲೈಯೋ ಮದರ್‌ಬೋರ್ಡೋ ಆಗಿರುತ್ತದೆ, ಹಾರ್ಡ್ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಬಿಚ್ಚಿ, ಸಾಟಾದಿಂದ (ಡಿಸ್ಕಿನ ಹಿಂದಿರುವ ಕನೆಕ್ಟರ್) ಯುಎಸ್‌ಬಿಗೆ ಹಾಕುವ ಕೇಬಲ್ಲಿನಲ್ಲಿ ಹೊಸದಕ್ಕೆ ಸಿಕ್ಕಿಸಿದರೆ ಒಂದು ಡ್ರೈವಿನ ಹಾಗೆ ಕಾಣುತ್ತದೆ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿಗೆ ಬರೀ ಕೇಬಲ್ ಸಾಕು. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಬೇರೆ ಅಡಾಪ್ಟರಿನ ಕರೆಂಟೂ ಬೇಕು. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಮಾತ್ರ ತಕ್ಷಣ ನಿಲ್ಲಿಸಿ. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ಉಳಿದದ್ದೂ ಹೋಗುತ್ತದೆ. ಅದು ಡೇಟಾ ತೆಗೆಯುವವರ ಕೆಲಸ.

ಲ್ಯಾಪ್‌ಟಾಪ್ ಸ್ವಲ್ಪ ಈಚಿನದಾಗಿದ್ದರೆ ಡಿಸ್ಕಿಗೆ ವಿಂಡೋಸಿನದ್ದೇ ಆದ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಆಗ 48 ಅಂಕಿಯ ಕೀ ಇಲ್ಲದೆ ಆ ಡಿಸ್ಕ್ ಬೇರೆ ಕಡೆ ತೆರೆಯುವುದಿಲ್ಲ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಹೊಸ ಲ್ಯಾಪ್‌ಟಾಪಿನದ್ದನ್ನೂ ಈಗಲೇ ಬರೆದು ಮನೆಯ ಕಾಗದಪತ್ರದ ಜೊತೆ ಇಡಿ.

ಹಳೆಯದನ್ನು ಒಂದೆರಡು ತಿಂಗಳು ಹಾಗೇ ಮೂಲೆಯಲ್ಲಿ ಇಟ್ಟಿರಿ. ಏನಾದರೊಂದು ಮರೆತದ್ದು ನೆನಪಾಗಿಯೇ ಆಗುತ್ತದೆ, ಅದೂ ತೆರಿಗೆ ಕಟ್ಟುವ ಹೊತ್ತಿಗೆ. ಕೊಡುವಾಗ ಫೈಲ್ ಡಿಲೀಟ್ ಮಾಡಿದೆ, ರೀಸೈಕಲ್ ಬಿನ್ ಖಾಲಿ ಮಾಡಿದೆ ಅಂದರೆ ಸಾಲದು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಹಾರ್ಡ್ ಡಿಸ್ಕಿನಿಂದ ವಾಪಸ್ ತೆಗೆಯುವ ಸಾಫ್ಟ್‌ವೇರ್ ಇದೆ. ನಮ್ಮ ನಾದಿನಿ ಮನೆಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟ ಕಂಪ್ಯೂಟರ್ ವಾರ ಕಳೆದರೂ ಅಂಗಡಿಯ ಟೇಬಲ್ ಮೇಲೆ ಅವರ ಮಗನ ನಾಮಕರಣದ ಫೋಟೋ ತೋರಿಸಿಕೊಂಡು ಕೂತಿತ್ತು. ವಿಂಡೋಸಿನ ರೀಸೆಟ್‌ಗೆ ಹೋಗಿ ರಿಮೂವ್ ಎವ್ರಿಥಿಂಗ್ ಆರಿಸಿ, ಅದರ ಒಳಗೆ ಕ್ಲೀನ್ ಡೇಟಾ ಅನ್ನುವುದನ್ನೂ ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಅದೂ ಬೇಡ ಅಂದರೆ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಉಳಿದದ್ದನ್ನು ಕೊಡಿ. ಡಿಸ್ಕ್ ಇಲ್ಲದಿದ್ದರೆ ಐನೂರು ರೂಪಾಯಿ ಕಮ್ಮಿ ಅಂತ ಅಂಗಡಿಯವನು ಚೌಕಾಸಿಗೆ ಇಳಿಯುತ್ತಾನೆ. ಇಳಿಯಲಿ ಬಿಡಿ.